ದೊಡ್ಡ ಬಿ, ಸಣ್ಣ ಬಿ

ನಾನು ಮಾಡುವ ಕೆಲಸ ಏನೆಂದು ಕೇಳಿದವರಿಗೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ನಾನು ಟವರ್ ಹತ್ತುವುದಿಲ್ಲ, ಕೇಬಲ್ ಎಳೆಯುವುದಿಲ್ಲ. ಕೊಪ್ಪಳದ ಒಂದು ಸಣ್ಣ ನೆಟ್‌ವರ್ಕ್ ಕಂಪನಿಯಲ್ಲಿ ಕುಳಿತು, ಯಾವ ಊರಿನಿಂದ ಯಾವ ಊರಿಗೆ ಎಷ್ಟು ಡೇಟಾ ಹೋಗಬೇಕು, ಅದಕ್ಕೆ ಎಷ್ಟು ದೊಡ್ಡ ದಾರಿ ಬೇಕು ಎಂದು ಲೆಕ್ಕ ಹಾಕುತ್ತೇನೆ. ಗಂಗಾವತಿಯ ಅಕ್ಕಿ ಗಿರಣಿಗಳು, ಯಲಬುರ್ಗಾ ಕಡೆಯ ಸಹಕಾರಿ ಸಂಘಗಳು, ಎರಡು ಕಾಲೇಜು, ಕೆಲವು ಆಸ್ಪತ್ರೆಗಳು ನಮ್ಮ ಗ್ರಾಹಕರು. ಈಗ ಹೇಳಲಿರುವ ತಪ್ಪು ಹೊಸಬರು ಮಾಡುವಂಥದ್ದು. ಹೊಸಬಳಾಗಿದ್ದಾಗ ನಾನು ಅದನ್ನು ಮಾಡಲಿಲ್ಲ. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾದ ಮೇಲೆ ಮಾಡಿದೆ.

ನಮ್ಮ ಕಸುಬಿನಲ್ಲಿ ದಾರಿಯ ವೇಗವನ್ನು ಬಿಟ್‌ಗಳಲ್ಲಿ ಅಳೆಯುತ್ತಾರೆ. ಫೈಲಿನ ಗಾತ್ರವನ್ನು ಕಂಪ್ಯೂಟರ್ ಬೈಟ್‌ಗಳಲ್ಲಿ ತೋರಿಸುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಬರೆಯುವಾಗ ಬಿಟ್‌ಗೆ ಇಂಗ್ಲಿಷಿನ ಸಣ್ಣ ಬಿ, ಬೈಟ್‌ಗೆ ದೊಡ್ಡ ಬಿ. ಬಾಯಲ್ಲಿ ಹೇಳುವಾಗ ಎರಡೂ ‘ಎಂಬಿ’ಯೇ. ಭಾಗ್ಯನಗರದಲ್ಲಿ ನಮ್ಮ ಮನೆಯ ಎದುರಿನ ಝೆರಾಕ್ಸ್ ಅಂಗಡಿಯವರು ಒಮ್ಮೆ ನನ್ನನ್ನು ತಡೆದು ನಿಲ್ಲಿಸಿ ಕೇಳಿದ್ದರು: “ಮೇಡಮ್ಮಾರ, ನೂರು ಎಂಬಿ ಸ್ಪೀಡ್ ಅಂತ ಹೇಳಿ ಇಂಟರ್ನೆಟ್ ಹಾಕ್ಯಾರ. ನೂರು ಎಂಬಿ ಫೈಲ್ ಒಂದ್ ಸೆಕೆಂಡಿನಾಗ ಬರವಲ್ದು. ಇದೇನ್ ಮೋಸ ಏನ್ರಿ?” ಮೋಸವಲ್ಲ, ಎಂಟರಿಂದ ಭಾಗಿಸಬೇಕು, ಹನ್ನೆರಡೂವರೆ ಬರುತ್ತದೆ ಎಂದು ಹೇಳಿದೆ. “ಹಂಗಾರ ಹನ್ನೆರಡೂವರಿ ಅಂತ ಬರೀಬೇಕಿಲ್ರಿ?” ಎಂದರು. ನಕ್ಕು ಮುಂದೆ ಹೋಗಿದ್ದೆ.

ಕುಷ್ಟಗಿಯ ಹೊರಗೆ, ದಾಳಿಂಬೆ ತೋಟಗಳ ಬದಿಯ ರಸ್ತೆಯಲ್ಲಿ, ಹೊಸದೊಂದು ಖಾಸಗಿ ಸ್ಕ್ಯಾನ್ ಕೇಂದ್ರ ಶುರುವಾಗುವುದಿತ್ತು. ಯಂತ್ರ ಅಲ್ಲಿ, ಚಿತ್ರ ನೋಡಿ ಹೇಳುವ ಡಾಕ್ಟರ್ ಕೊಪ್ಪಳದಲ್ಲಿ. ನಡುವಿನ ದಾರಿ ಹಾಕಿಕೊಡುವುದು ನಮ್ಮ ಕೆಲಸ. ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬ ಟೆಕ್ನಿಶಿಯನ್. ಯಲಬುರ್ಗಾದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಹೆಂಗಸು. ಸೀರೆಯ ಮೇಲೆ ಬಿಳಿ ಕೋಟು, ಮಾತು ಕಡಿಮೆ, ಆಡಿದ ಮಾತು ಖಡಕ್. ಮೊದಲ ಸಲ ಫೋನ್ ಮಾಡಿದಾಗಲೇ ಅವರು ನನಗೆ ಬೇಕಾದದ್ದನ್ನೆಲ್ಲ ಹೇಳಿದ್ದರು.

“ನೋಡ್ರಿ ಮೇಡಂ, ತಲಿ ಸ್ಕ್ಯಾನ್ ಒಂದಕ್ಕ ಏಳ್ನೂರ ಇಪ್ಪತ್ತು ಚಿತ್ರ ಬರ್ತಾವ. ಎಲ್ಲಾ ಕೂಡಿ ಮುನ್ನೂರ ಅರವತ್ತು ಎಂಬಿ. ಎರಡು ನಿಮಿಷದಾಗ ಕೊಪ್ಪಳಕ್ಕ ಮುಟ್ಟಬೇಕು. ಅಷ್ಟಾದ್ರ ನಮಗ ಸಾಕು.”

ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುನ್ನೂರ ಅರವತ್ತು, ಎರಡು ನಿಮಿಷ. ಆಮೇಲೆ ಅವರಿಗೆ ನಮ್ಮ ಫಾರ್ಮ್ ಕಳಿಸಿದೆ. ಫಾರ್ಮಿನ ಮೇಲ್ಭಾಗದಲ್ಲಿ ‘ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ತುಂಬಿರಿ’ ಎಂದು ಅಚ್ಚಾಗಿತ್ತು. ಬೇಕಾದ ವೇಗ ಎಂಬ ಜಾಗದಲ್ಲಿ ಅವರು 3 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಮೂರು ಎಂಬಿ, ಎಂದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆದು ಸಹಿ ಮಾಡಿ ಕಳಿಸಿದರು. ಅವರ ಲೆಕ್ಕ ಸರಿಯಾಗಿತ್ತು. ಮುನ್ನೂರ ಅರವತ್ತು ಮೆಗಾಬೈಟನ್ನು ನೂರಿಪ್ಪತ್ತು ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ ಮೂರು ಮೆಗಾಬೈಟ್. ನಮ್ಮ ಅಳತೆಯಲ್ಲಿ ಅದು ಇಪ್ಪತ್ನಾಲ್ಕು ಮೆಗಾಬಿಟ್. ಸ್ವಲ್ಪ ಸಡಿಲು ಬಿಟ್ಟರೆ ಮೂವತ್ತು.

ಆ ವಾರ ನನ್ನ ಮೇಜಿನ ಮೇಲೆ ಹದಿನಾಲ್ಕು ಫಾರ್ಮ್ ಇದ್ದವು. ಪ್ರತಿಯೊಂದರ ಅಂಕಿಯನ್ನೂ ಪ್ಲಾನಿಂಗ್ ಶೀಟಿಗೆ ಏರಿಸುತ್ತ ಹೋದೆ. ಗಿರಣಿಯವರು, ಕಾಲೇಜಿನವರು ದೊಡ್ಡಕ್ಷರದಲ್ಲಿ ಎಂಬಿಪಿಎಸ್ ಎಂದು ಬರೆದರೂ ಅದು ಬಿಟ್ಟೇ ಆಗಿರುತ್ತದೆ. ಕೈ ಅದೇ ರೂಢಿಯಲ್ಲಿ ಓಡಿತು. ಮೂರು ಮೆಗಾಬಿಟ್ ಎಂದು ಬರೆದೆ, ಇರಲಿ ಎಂದು ನಾಲ್ಕು ಮಾಡಿದೆ. ನೋಟ್‌ಬುಕ್ ಅದೇ ಮೇಜಿನ ಮೇಲಿತ್ತು. ತೆರೆಯಲಿಲ್ಲ.

ನಾಲ್ಕಕ್ಕೆ ಕೇಬಲ್ ಬೇಕಾಗುವುದಿಲ್ಲ. ಕೇಂದ್ರದ ಮಾಳಿಗೆಯ ಮೇಲೆ ಡಿಶ್ ಹಾಗಿನ ಒಂದು ಸಣ್ಣ ರೇಡಿಯೋ ತಟ್ಟೆ ಕೂರಿಸಿ ಹೆದ್ದಾರಿಯ ಟವರಿನ ಕಡೆ ಮುಖ ಮಾಡಿದರೆ ಆಯಿತು. ಹಾಗೆಯೇ ಮಾಡಿದೆವು. ಚಾಲೂ ಮಾಡುವ ದಿನ, ಒಂದು ಶನಿವಾರ, ನಾನೂ ಕುಷ್ಟಗಿಗೆ ಹೋಗಿದ್ದೆ. ನಮ್ಮ ಫೀಲ್ಡ್ ಎಂಜಿನಿಯರ್, ಗಂಗಾವತಿಯವರು, ಬೆಳಿಗ್ಗೆಯೇ ಬಂದು ತಟ್ಟೆಯ ಕೋನ ಸರಿ ಮಾಡಿ ಮೀಟರ್ ಹಚ್ಚಿ ಕುಳಿತಿದ್ದರು. ಮೀಟರು ನಾಲ್ಕು ತೋರಿಸುತ್ತಿತ್ತು. “ಒಂದು ಪಾಯಿಂಟೂ ಅಲುಗಾಡವಲ್ದು, ಮೇಡಂ” ಎಂದು ಅವರು ಖುಷಿಯಿಂದ ಹೇಳಿದರು.

ಟೆಕ್ನಿಶಿಯನ್ ಪರೀಕ್ಷೆಗೆಂದು ಹಳೆಯದೊಂದು ಸ್ಕ್ಯಾನನ್ನು ಕಳಿಸಲು ಕುಳಿತರು. ಪರದೆಯ ಮೇಲಿನ ಹಸಿರು ಪಟ್ಟಿ ಬಲಕ್ಕೆ ಸರಿಯುವುದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಪಟ್ಟಿಯ ಕೆಳಗೆ ಸೆಕೆಂಡಿಗೆ 0.5 ಎಂಬಿ ಎಂದಿತ್ತು. ಎರಡು ನಿಮಿಷ ಕಳೆಯಿತು. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

“ಇದ್ಯಾಕ್ರಿ ಅರ್ಧಾ ಅಂತೈತಿ?”

“ನಾಕ್ ಐತ್ರಿ. ಮೀಟರ್ ನೋಡ್ರಿಲ್ಲೆ” ಎಂದರು ನಮ್ಮ ಎಂಜಿನಿಯರ್.

“ನಿಮ್ ಮೀಟರ್ ನಾಕ್ ಅಂತೈತಿ, ನನ್ ಕಂಪ್ಯೂಟರ್ ಅರ್ಧಾ ಅಂತೈತಿ. ಯಾವ್ದು ಖರೆ?”

“ನಿಮ್ ಕಂಪ್ಯೂಟರ್ ಹಳೇದಿರಬೇಕ್ರಿ.”

“ಹೋದ ತಿಂಗಳಾ ತಂದೀವ್ರಿ ಅದನ್ನ!”

ಅವರಿಬ್ಬರೂ ವಾದಿಸುತ್ತಿದ್ದಾಗ ನಾನು ಬಾಗಿಲ ಬಳಿ ನಿಂತಿದ್ದೆ. ನಾಲ್ಕು, ಅರ್ಧ. ಎಂಟರಲ್ಲಿ ಒಂದು ಪಾಲು. ನನಗೆ ಅಲ್ಲೇ ತಿಳಿಯಿತು. ಚೀಲದಿಂದ ನೋಟ್‌ಬುಕ್ ತೆಗೆದು ಆ ಪುಟ ನೋಡಿದೆ. ಎಲ್ಲಾ ಅಲ್ಲೇ ಇತ್ತು, ನನ್ನದೇ ಅಕ್ಷರದಲ್ಲಿ.

ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಟಂಟಂ ಆಟೋ ಬಂದು ನಿಂತ ಸದ್ದಾಯಿತು. ಕೇಂದ್ರ ಇನ್ನೂ ಶುರುವಾಗಿರಲಿಲ್ಲ. ಆದರೆ ಊರಿನ ಡಾಕ್ಟರೊಬ್ಬರು, ಹೇಗೂ ಯಂತ್ರ ಬಂದಿದೆ ಎಂದು ಒಬ್ಬ ಗಾಯಾಳುವನ್ನು ಕಳಿಸಿದ್ದರು. ಹುಣಸೆಹಣ್ಣು ಬಡಿಯಲು ಗಿಡ ಹತ್ತಿ ಬಿದ್ದ ಮನುಷ್ಯ. ನಲವತ್ತು ವರ್ಷವಿರಬಹುದು. ತಲೆಗೆ ಯಾರೋ ಟವೆಲ್ ಸುತ್ತಿದ್ದರು. ಎಚ್ಚರವಿತ್ತು, ಆದರೆ ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುತ್ತಿದ್ದ. ಹೆಂಡತಿ ಅವನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದಳು.

ಟೆಕ್ನಿಶಿಯನ್ ಅವನನ್ನು ಮಲಗಿಸಿ ಸ್ಕ್ಯಾನ್ ಮಾಡಿದರು. ಐದು ನಿಮಿಷದ ಕೆಲಸ. ಆಮೇಲೆ ಹಳೆಯದನ್ನು ನಿಲ್ಲಿಸಿ, ಇದನ್ನು ಕೊಪ್ಪಳಕ್ಕೆ ಕಳಿಸಲು ಗುಂಡಿ ಒತ್ತಿ ನನ್ನ ಮುಖ ನೋಡಿದರು. ಮತ್ತೆ ಆ ಹಸಿರು ಪಟ್ಟಿ.

ಹನ್ನೆರಡು ನಿಮಿಷದ ಮೇಲಾಯಿತು. ಲೆಕ್ಕ ಹಾಕಿದರೆ ಅಷ್ಟೇ ಆಗಬೇಕು. ಮುನ್ನೂರ ಅರವತ್ತು ಮೆಗಾಬೈಟ್, ಸೆಕೆಂಡಿಗೆ ಅರ್ಧ, ಏಳುನೂರ ಇಪ್ಪತ್ತು ಸೆಕೆಂಡ್. ಆದರೆ ಲೆಕ್ಕದಲ್ಲಿ ಹನ್ನೆರಡು ನಿಮಿಷ ಬೇರೆ, ಆ ಹೆಂಗಸಿನ ಪಕ್ಕದ ಬೆಂಚಿನ ಮೇಲೆ ಕುಳಿತು ಕಳೆಯುವ ಹನ್ನೆರಡು ನಿಮಿಷ ಬೇರೆ. ನನ್ನ ಕೊರಳಲ್ಲಿ ಗುರುತಿನ ಕಾರ್ಡ್ ಇದ್ದದ್ದರಿಂದ ನಾನೂ ಆಸ್ಪತ್ರೆಯವಳೇ ಎಂದುಕೊಂಡಿದ್ದಳು.

“ಅಕ್ಕಾರ, ಫೋಟೋ ಹೋತನ್ರಿ?”

“ಹೋಗಾಕತ್ತೈತಿ. ಅರ್ಧಾ ಹೋಗೇತಿ.”

“ಯಾಕ್ರಿ ಇಷ್ಟ್ ತಡಾ? ನಮ್ ತಮ್ಮ ಮದುವಿ ಫೋಟೋ ಕಳಿಸಿದ್ರ ಪಟಕ್ನ ಬರ್ತಾವಲ್ರಿ.”

ಅವಳು ಜಗಳಕ್ಕೆ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದಳು. “ನಾ ಹಾಕಿದ ದಾರಿ ಸಣ್ಣದಾತವ್ವಾ” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ತಲೆಯಾಡಿಸಿ ಚಪ್ಪಲಿಯನ್ನು ಬೆಂಚಿನ ಕೆಳಗೆ ಜೋಡಿಸಿಟ್ಟಳು. ಮತ್ತೆ ತೆಗೆದು ಕೈಯಲ್ಲಿ ಹಿಡಿದಳು.

ಕೊನೆಗೆ ಕೊಪ್ಪಳದ ಡಾಕ್ಟರ್ ಫೋನ್ ಮಾಡಿದರು. ಒಳಗೆ ರಕ್ತಸ್ರಾವವಿಲ್ಲ, ಮೂಳೆಯಲ್ಲಿ ಒಂದು ಕೂದಲೆಳೆಯ ಬಿರುಕು, ಒಂದು ದಿನ ಆಸ್ಪತ್ರೆಯಲ್ಲಿಟ್ಟು ನೋಡಿದರೆ ಸಾಕು. ಹೆಂಗಸು ಎಲ್ಲರಿಗೂ ಕೈಮುಗಿದಳು, ನನಗೂ. ಗಾಡಿ ಹೊರಟ ಮೇಲೆ ಟೆಕ್ನಿಶಿಯನ್ ಕೈ ತೊಳೆದುಕೊಳ್ಳುತ್ತ ಹೇಳಿದರು: “ಇವತ್ತು ದೇವ್ರು ಪಾರು ಮಾಡಿದ. ಒಳಗ ರಕ್ತ ಸೋರಾಕತ್ತಿದ್ರ ಏನ್ ಮಾಡ್ತಿದ್ರಿ ನೀವು?”

ಎಲ್ಲಿ ತಪ್ಪಾಗಿದೆ ಎಂದು ಸೋಮವಾರ ಬಂದು ಹೇಳುತ್ತೇನೆ ಎಂದೆ. ಆಗಲೇ ಹೇಳಬಹುದಿತ್ತು. ನಮ್ಮ ಎಂಜಿನಿಯರ್ ಪಕ್ಕದಲ್ಲಿದ್ದರು, ಧೈರ್ಯ ಬರಲಿಲ್ಲ.

ವರಾಂಡದಿಂದ ಮ್ಯಾನೇಜರ್‌ಗೆ ಫೋನ್ ಮಾಡಿ, ಲಿಂಕ್ ಸಾಲುತ್ತಿಲ್ಲ, ಬೈಟಿನ ಜಾಗದಲ್ಲಿ ಬಿಟ್ ಆಗಿದೆ ಎಂದಷ್ಟೇ ಹೇಳಿದೆ. ಅವರು ಕೆಟ್ಟವರಲ್ಲ, ಅವಸರದವರು. “ಫಾರ್ಮ್‌ನ್ಯಾಗ ಏನ್ ಬರದಾರ? ಮೂರು ಎಂಬಿಪಿಎಸ್ ಅಂತ ಬರದು ಸಹಿ ಮಾಡ್ಯಾರೋ ಇಲ್ಲೋ? ನಾವು ನಾಕು ಕೊಟ್ಟೀವಿ. ತಪ್ಪು ಅವ್ರದಾಗತೈತಿ. ನೀವು ಸುಮ್ನ ಇರ್ರಿ, ಅವ್ರ ಹೊಸದಾಗಿ ಅರ್ಜಿ ಕೊಡ್ಲಿ” ಎಂದರು. ನೋಟ್‌ಬುಕ್ಕಿನ ವಿಷಯ ನಾನು ಅವರಿಗೆ ಹೇಳಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಿತ್ತು. ಬಸ್ಸಿನಲ್ಲಿ ಕೊಪ್ಪಳಕ್ಕೆ ಬರುವವರೆಗೂ ಅದೇ ಯೋಚನೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಕಾಗದದ ಮೇಲೆ ನಾನು ತಪ್ಪೇ ಮಾಡಿಲ್ಲ.

ಭಾನುವಾರ ಮುನಿರಾಬಾದಿಗೆ ಹೋದೆ. ಅಪ್ಪ ನೀರಾವರಿ ಇಲಾಖೆಯಲ್ಲಿ ಕಾಲುವೆಯ ಗೇಜ್, ಅಂದರೆ ನೀರಿನ ಮಟ್ಟದ ಅಳತೆ ಹಲಗೆ, ಓದುವ ಕೆಲಸದಲ್ಲಿದ್ದು ನಿವೃತ್ತರಾದವರು. ಈಗಲೂ ಅಲ್ಲೇ ಬಾಡಿಗೆ ಮನೆ ಮಾಡಿಕೊಂಡು, ಬೆಳಿಗ್ಗೆ ಗೆಳೆಯರ ಜೊತೆ ವಾಕಿಂಗು, ಸಂಜೆ ಕೇರಂ ಎಂದು ನನಗಿಂತ ಬಿಡುವಿಲ್ಲದೆ ಇರುತ್ತಾರೆ. ಅವ್ವ ಮಹಿಳಾ ಸಂಘದ ಮೀಟಿಂಗಿಗೆ ಹೋಗಿದ್ದಳು. ಅಪ್ಪನೇ ಚಹಾ ಮಾಡಿದರು. ಬಟ್ಟಲು ಕೈಗೆ ಕೊಡುತ್ತ, “ಯಾಕವ್ವಾ, ಮಾರಿ ಸಣ್ಣ ಮಾಡ್ಕೊಂಡು ಬಂದಿ?” ಎಂದರು. ಎಲ್ಲ ಹೇಳಿದೆ.

ಬಿಟ್ಟು, ಬೈಟು ಅವರಿಗೆ ಹೊಸದು. ಆದರೆ ತಮ್ಮ ಕಸುಬಿನದೊಂದು ಹೋಲಿಕೆ ಹಿಡಿದರು. “ಅಂದ್ರ ಒಂದು ಹರಿಯೂ ನೀರಿನ ಲೆಕ್ಕ, ಇನ್ನೊಂದು ನಿಂತ ನೀರಿನ ಲೆಕ್ಕ. ಕ್ಯೂಸೆಕ್ಕು, ಟಿಎಂಸಿ. ನಮ್ಮಲ್ಲೂ ಹೊಸಾ ಹುಡುಗ್ರು ಎರಡೂ ಕಲಸಿ ಬಿಡ್ತಿದ್ರು.” ನಾನು, ಹಾಗಲ್ಲಪ್ಪಾ, ಇಲ್ಲಿ ಎರಡೂ ಹರಿಯುವುದೇ, ಅಳೆಯುವ ಕೊಡ ಬೇರೆ ಎಂದೆ. ಅವರು ಬಟ್ಟಲು ಕೆಳಗಿಟ್ಟರು.

“ಹಂಗಾರ ನಂದೂ ಅದಾ ಆಗಿತ್ತು” ಎಂದರು.

ಇದನ್ನು ಅವರು ಅದುವರೆಗೆ ನನಗೆ ಹೇಳಿರಲಿಲ್ಲ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಲುವೆಯ ಕೆಳಗಿನ ಒಂದು ಕಡೆ ಗೇಜಿನ ಹಲಗೆ ಬದಲಾಗಿತ್ತಂತೆ. ಹಳೆಯದರಲ್ಲಿ ಅಡಿ, ಹೊಸದರಲ್ಲಿ ಮೀಟರ್, ಎರಡೂ ಪಕ್ಕಪಕ್ಕದಲ್ಲಿ. ಒಂದು ಬೆಳಿಗ್ಗೆ ಅಪ್ಪ ಹೊಸ ಹಲಗೆಯಲ್ಲಿ ಎರಡೂವರೆ ಎಂದು ಓದಿ, ಅಡಿ ಎಂದು ಫೋನಿನಲ್ಲಿ ಹೇಳಿಬಿಟ್ಟರು. ನಿಜಕ್ಕೂ ನೀರು ಎಂಟು ಅಡಿ ಇತ್ತು. ಆ ಕಡೆಯವರು ನೀರು ಇಳಿದುಹೋಗಿದೆ, ಮೇಲಿನ ಗೇಟು ಎತ್ತಿ ಇನ್ನಷ್ಟು ಬಿಡಬೇಕು ಎಂದು ಮಾತಾಡಿಕೊಂಡರು. ಬಿಟ್ಟಿದ್ದರೆ ತುಂಬಿದ ಕಾಲುವೆಯ ದಂಡೆ ಒಡೆಯುತ್ತಿತ್ತು. ಫೋನಿಟ್ಟು ಎರಡು ಹೆಜ್ಜೆ ಇಟ್ಟ ಮೇಲೆ ಅಪ್ಪನಿಗೆ ಹೊಳೆಯಿತು. ತಿರುಗಿ ಫೋನ್ ಹಚ್ಚಿದರೆ ಲೈನ್ ಸಿಗಲಿಲ್ಲ.

“ಸೈಕಲ್ ಹತ್ತಿದೆ. ಕಾಲುವಿ ದಂಡಿ ಮ್ಯಾಲೆ ಎಷ್ಟ್ ತುಳದೆ ಅಂದ್ರ, ಸಾಹೇಬ್ರ ಮುಂದ ನಿಂತಾಗ ಬಾಯಾಗ ಮಾತಾ ಹೊಂಡವಲ್ದು. ಗೇಟಿಗೆ ಇನ್ನಾ ಕೈ ಹಾಕಿರಲಿಲ್ಲ. ನಂದಾ ತಪ್ಪಾತ್ರಿ ಅಂದೆ.”

“ಏನಂದ್ರು?”

“ಬೈದ್ರು. ಯಪ್ಪಾ, ಏನ್ ಬೈದ್ರು! ಆಮ್ಯಾಲೆ ಕೆಂಪ್ ಬಣ್ಣದ ಡಬ್ಬಿ ಕೊಟ್ಟು, ಹೋಗಿ ಹಲಗಿ ಮ್ಯಾಲೆ ಮೀಟರ್ ಅಂತ ನಿನ್ ಕೈಲೇ ಬರಿ ಅಂದ್ರು. ಬರದೆ. ಅಷ್ಟಾ.”

ಆ ಹಲಗೆ ಯಾವುದೆಂದು ಕೇಳಿದೆ. ಅದನ್ನು ಯಾವಾಗಲೋ ತೆಗೆದರು ಎಂದು ಹೇಳಿ, ಕೇರಂ ಆಡುವವರು ಕೂಗುತ್ತಿದ್ದಾರೆ ಎಂದು ಎದ್ದರು. ಏನು ಮಾಡು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸೋಮವಾರ ಆಫೀಸಿಗೆ ಹೋದವಳೇ ನೋಟ್‌ಬುಕ್ಕಿನ ಪುಟ ತೆರೆದು ಮ್ಯಾನೇಜರ್ ಮೇಜಿನ ಮೇಲಿಟ್ಟೆ. “ಸರ್, ಇದು ಅವ್ರು ಫೋನಿನಾಗ ಹೇಳಿದ್ದು. ಫಾರ್ಮ್ ಬರೂಕಿಂತ ಮುಂಚೇನ ನನಗ ಗೊತ್ತಿತ್ತು. ತಪ್ಪು ಅವ್ರದಲ್ಲ” ಎಂದೆ. ಅವರು ಓದಿದರು. ಮುಖ ಕೆಂಪಾಯಿತು. “ಇದನ್ನ ನನಗ್ಯಾಕ ತೋರಿಸ್ತೀರಿ?” ಎಂದರು. ಪುಟ ಮುಚ್ಚಿ, “ತೋರಿಸಿದ ಮ್ಯಾಲೆ ನಾನೂ ನೋಡಿಲ್ಲ ಅನ್ನಾಕ ಬರೂದಿಲ್ಲಲ್ಲ” ಎಂದು ಕುರ್ಚಿಗೆ ಒರಗಿದರು. ಮಧ್ಯಾಹ್ನದ ಹೊತ್ತಿಗೆ ಕುಷ್ಟಗಿಗೆ ಕೇಬಲ್ ಎಳೆಯುವ ಯೋಜನೆಗೆ ಸಹಿ ಹಾಕಿದರು. ಆದರೆ ಅಂದಿನಿಂದ ಮುಂದಿನ ಆರು ತಿಂಗಳು ನನ್ನ ಪ್ರತಿ ಶೀಟಿಗೂ ಎರಡನೆಯವರ ಸಹಿ ಬೇಕು ಎಂದು ಆದೇಶ ಮಾಡಿದರು. ಆ ಎರಡನೆಯವಳು ನನಗಿಂತ ನಾಲ್ಕು ವರ್ಷ ಕಿರಿಯಳು. ಮೊದಲ ವಾರ ಅವಳ ಮೇಜಿಗೆ ಶೀಟು ಒಯ್ಯುವಾಗ ನನಗೆ ಮುಜುಗರವಾಗುತ್ತಿತ್ತು. ಅವಳಿಗೂ ಮುಜುಗರ, ನೋಡದೆಯೇ ಸಹಿ ಮಾಡಲು ಹೊರಟಳು. “ಓದಿ ಮಾಡವಾ” ಎಂದೆ. ಮೂರನೆಯ ವಾರ ಅವಳು ನಿಜವಾಗಿಯೂ ಒಂದು ತಪ್ಪು ಹಿಡಿದಳು. ಆಮೇಲೆ ಇಬ್ಬರಿಗೂ ಸಲೀಸಾಯಿತು.

ಕುಷ್ಟಗಿಗೆ ಆ ಸೋಮವಾರ ಸಂಜೆಯೇ ಹೋಗಿದ್ದೆ. ಟೆಕ್ನಿಶಿಯನ್ ಬಸ್ಸಿಗೆಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದರು. ಗೇಟಿನ ಹತ್ತಿರ ನಿಂತೇ ಹೇಳಿದೆ: ನೀವು ಬರೆದದ್ದು ಸರಿ, ನಾನು ಎಂಟು ಪಟ್ಟು ಕಡಿಮೆ ಓದಿದೆ, ಕೇಬಲ್ ಬರಲು ಐದು ವಾರ ಬೇಕು. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ.

“ನೀವು ಹೇಳಿದ್ದು ಛಲೋ ಆತು” ಎಂದರು. “ನಾನು ಎರಡು ದಿನದಿಂದ ನನ್ ಲೆಕ್ಕಾನ ತಪ್ಪೈತೇನೋ ಅಂತ ಮತ್ತ ಮತ್ತ ಮಾಡಿ ನೋಡಾಕತ್ತಿದ್ದೆ.”

ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ತಾಕಿತು. ಸರಿಯಾಗಿ ಲೆಕ್ಕ ಹಾಕಿದವರು ಎರಡು ದಿನ ತಮ್ಮನ್ನೇ ಅನುಮಾನಿಸಿದ್ದರು.

ಕೇಬಲ್ ಬರುವವರೆಗಿನ ಐದು ವಾರಕ್ಕೆ ಉಪಾಯ ಕಂಡುಕೊಂಡದ್ದೂ ಅವರೇ. ಬಸ್ ಬಿಟ್ಟು ಒಳಗೆ ತಿರುಗಿ ಬಂದು ಕಂಪ್ಯೂಟರ್ ಮುಂದೆ ಕುಳಿತರು. ಏಳುನೂರ ಇಪ್ಪತ್ತು ಚಿತ್ರಗಳಲ್ಲಿ ಡಾಕ್ಟರ್ ಮೊದಲು ನೋಡುವುದು ನಲವತ್ತನ್ನು. ಆ ನಲವತ್ತನ್ನೇ ಬೇರೆ ಮಾಡಿ ಮುಂದೆ ಕಳಿಸಿದರೆ? ನಲವತ್ತಕ್ಕೆ ಇಪ್ಪತ್ತು ಮೆಗಾಬೈಟ್, ನಾಲ್ಕು ಮೆಗಾಬಿಟ್ಟಿನ ದಾರಿಯಲ್ಲಿ ನಲವತ್ತು ಸೆಕೆಂಡ್ ಎಂದು ನಾನು ಬಾಯಿಲೆಕ್ಕ ಹಾಕಿದೆ. ಅವರು ಕೈಗಡಿಯಾರ ನೋಡುತ್ತ ಕಳಿಸಿದರು. ನಲವತ್ತಮೂರು ಸೆಕೆಂಡಾಯಿತು. “ಮೂರು ಸೆಕೆಂಡ್ ನಿಮ್ಮವ” ಎಂದು ಮೊದಲ ಸಲ ನಕ್ಕರು. ಕೊಪ್ಪಳದ ಡಾಕ್ಟರೂ ಒಪ್ಪಿದರು. ಐದು ವಾರ ಹಾಗೆಯೇ ನಡೆಯಿತು. ಆ ಅವಧಿಯಲ್ಲಿ ಎರಡು ಸಲ ಗಂಭೀರ ಗಾಯಾಳುಗಳು ಬಂದರಂತೆ. ಎರಡೂ ಸಲ ಮೊದಲ ನಲವತ್ತು ಚಿತ್ರಗಳಲ್ಲೇ ವಿಷಯ ತಿಳಿದು, ಅವರನ್ನು ಸಮಯಕ್ಕೆ ಸರಿಯಾಗಿ ದೊಡ್ಡ ಆಸ್ಪತ್ರೆಗೆ ಸಾಗಿಸಿದರು.

ಕೇಬಲ್ ಬಂತು. ತೋಟದವರೊಬ್ಬರು ಬೇಲಿಯ ಬುಡದಲ್ಲಿ ಅಗೆಯಲು ಬಿಡಲಿಲ್ಲ, ರಸ್ತೆಯ ಆಚೆ ಬದಿಗೆ ಹೊರಳಿಸಬೇಕಾಯಿತು, ನಾಲ್ಕು ದಿನ ತಡ. ಪರೀಕ್ಷೆಯ ದಿನ ಪೂರ್ತಿ ಸ್ಕ್ಯಾನ್ ಒಂದು ನಿಮಿಷ ಐವತ್ತು ಸೆಕೆಂಡಿನಲ್ಲಿ ಕೊಪ್ಪಳ ಮುಟ್ಟಿತು. ಟೆಕ್ನಿಶಿಯನ್ ಪರದೆ ನೋಡಿ “ಹೂಂ” ಎಂದರು. ಹೊರಗೆ ಕುಳಿತಿದ್ದವರನ್ನು ಒಳಗೆ ಕರೆದರು.

ನಾನು ಮಾಡಿದ ಇನ್ನೊಂದು ಕೆಲಸವೆಂದರೆ ನಮ್ಮ ಫಾರ್ಮ್ ಬದಲಿಸಿದ್ದು. ಬೇಕಾದ ವೇಗ ಎಷ್ಟು ಎಂಬ ಜಾಗವನ್ನೇ ತೆಗೆದೆ. ಏನು ಕಳಿಸುತ್ತೀರಿ, ಅದು ಎಷ್ಟು ದೊಡ್ಡದು, ಎಷ್ಟು ಹೊತ್ತಿನಲ್ಲಿ ಮುಟ್ಟಬೇಕು, ಇಷ್ಟೇ ಪ್ರಶ್ನೆ. ಎಂಟರಿಂದ ಗುಣಿಸುವುದು ನಮ್ಮ ಪಾಡು. ಮ್ಯಾನೇಜರ್ ಮೊದಲು ಒಪ್ಪಲಿಲ್ಲ, ಗ್ರಾಹಕರಿಗೆ ಗೊಂದಲವಾಗುತ್ತದೆ ಎಂದರು. ಯಲಬುರ್ಗಾ ಕಡೆಯ ಒಂದು ಸಹಕಾರಿ ಸಂಘದ ಕಾರ್ಯದರ್ಶಿಗಳಿಗೆ ತೋರಿಸಿ ನೋಡೋಣ ಎಂದು ಒಯ್ದೆ. ನಮ್ಮ ಹಳೆಯ ಗ್ರಾಹಕರು, ಎರಡು ಸಲ ನಮ್ಮ ಫಾರ್ಮ್ ತುಂಬಿದವರು. ಹೊಸದನ್ನು ಓದಿ ಅವರು ಸಮಾಧಾನದಿಂದ ಪೆನ್ನು ತೆಗೆದರು.

“ಇದು ಛಲೋ ಆತ್ರಿ, ಮೇಡಂ. ಇದ್ರಾಗ ಕೇಳಿದ್ದು ನನಗ ಗೊತ್ತೈತಿ.”

“ಮೊದಲಿನ ಫಾರ್ಮ್‌ನ್ಯಾಗ ಹತ್ತು ಎಂಬಿಪಿಎಸ್ ಅಂತ ಬರದಿದ್ರಲ್ರಿ, ಅದು ಹೆಂಗ್ ಲೆಕ್ಕ ಹಾಕಿದ್ರಿ?” ಎಂದು ಕೇಳಿದೆ.

ಅವರು ಸ್ವಲ್ಪ ನಾಚಿಕೊಂಡರು. “ಲೆಕ್ಕಾ ಎಲ್ಲಿದ್ರಿ? ಬಾಜೂ ಊರಿನ ಸಂಘದವ್ರು ಏನ್ ಬರದಾರ ಅಂತ ಫೋನ್ ಮಾಡಿ ಕೇಳಿದೆ. ಅವ್ರು ಹತ್ತು ಅಂದ್ರು. ನಾನೂ ಹತ್ತು ಬರದೆ.”

ಮರುದಿನದಿಂದ ನಾನೂ ಆ ಎರಡನೆಯ ಸಹಿಯವಳೂ ಹಳೆಯ ಫಾರ್ಮ್‌ಗಳ ಕಟ್ಟನ್ನು ಕೆಳಗಿಳಿಸಿ, ಒಬ್ಬೊಬ್ಬ ಗ್ರಾಹಕರಿಗೂ ಫೋನ್ ಮಾಡಿ ಹೊಸ ಪ್ರಶ್ನೆಗಳನ್ನು ಕೇಳಲು ಕುಳಿತೆವು.